ವೈರ್ ಇಲ್ಲದ ಅರ್ಥಿಂಗ್: ಬಾಹ್ಯಾಕಾಶದಲ್ಲಿ ತೇಲುವ ಚಿನ್ನದ ಘನದ ಚಾರ್ಜ್ ಇಳಿಸುವುದು ಹೇಗೆ?

2015ರ ಡಿಸೆಂಬರ್ 3ರಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ಒಂದು ನೌಕೆಯನ್ನು ಹಾರಿಸಿತು. ಹೆಸರು ಲೀಸಾ ಪಾಥ್‌ಫೈಂಡರ್. ಅದರೊಳಗೆ ಎರಡು ಲೋಹದ ಘನಗಳಿದ್ದವು. ಒಂದೊಂದರ ಅಂಚು 46 ಮಿಲಿಮೀಟರ್, ತೂಕ ಹತ್ತಿರ ಹತ್ತಿರ 2 ಕೆಜಿ. ಮುಕ್ಕಾಲು ಪಾಲು ಚಿನ್ನ, ಉಳಿದದ್ದು ಪ್ಲಾಟಿನಂ. ಇಷ್ಟು ದುಬಾರಿ ಮಿಶ್ರಣ ಯಾಕೆ ಅಂದರೆ, ಚಿನ್ನವನ್ನು ಕಾಂತಕ್ಷೇತ್ರ ತುಸುವೇ ದೂರ ತಳ್ಳುತ್ತದೆ, ಪ್ಲಾಟಿನಂ ಅನ್ನು ತುಸುವೇ ಎಳೆಯುತ್ತದೆ. ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಜೊತೆಗೆ ಎರಡೂ ತುಂಬ ಭಾರದ ಲೋಹಗಳು. ಭಾರ ಜಾಸ್ತಿ ಇದ್ದಷ್ಟೂ ಹೊರಗಿನ ಸಣ್ಣ ಬಲಗಳಿಗೆ ಅಲುಗುವುದು ಕಡಿಮೆ.

ಈ ಘನಗಳಿಗಿದ್ದ ಕೆಲಸ ಒಂದೇ. ಸುಮ್ನೆ ಬೀಳುತ್ತಿರುವುದು. ಯಾವುದಕ್ಕೂ ತಾಗಬಾರದು, ಗುರುತ್ವ ಬಿಟ್ಟು ಬೇರೆ ಯಾವ ಬಲವೂ ಅವನ್ನು ಎಳೆಯಬಾರದು, ತಳ್ಳಬಾರದು. ಒಂದು ಘನ ಹೇಗೆ ಸಾಗುತ್ತದೋ ಅದನ್ನೇ ಹಿಂಬಾಲಿಸುತ್ತಾ ಇಡೀ ನೌಕೆ ತನ್ನನ್ನು ತಾನು ಸರಿಹೊಂದಿಸಿಕೊಳ್ಳಬೇಕು. ಎರಡು ಘನಗಳ ನಡುವೆ ಸುಮಾರು 38 ಸೆಂಟಿಮೀಟರ್ ದೂರ. ಆ ದೂರ ಎಷ್ಟು ಬದಲಾಗುತ್ತಿದೆ ಎಂದು ಲೇಸರ್ ಅಳೆಯುತ್ತಿತ್ತು.

ಇದು ಮುಂದಿನ ದೊಡ್ಡ ಯೋಜನೆಗೆ ಮಾಡಿದ ರಿಹರ್ಸಲ್. ಆ ಯೋಜನೆಯ ಹೆಸರು ಲೀಸಾ. ಅದರಲ್ಲಿ ಮೂರು ನೌಕೆಗಳು 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ತ್ರಿಕೋನವಾಗಿ ನಿಂತು ಗುರುತ್ವ ಅಲೆಗಳನ್ನು, ಅಂದರೆ ಜಾಗವನ್ನೇ ತುಸು ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆಗಳನ್ನು, ಹಿಡಿಯುತ್ತವೆ. ಲಕ್ಷಾಂತರ ಸೂರ್ಯರಷ್ಟು ತೂಕದ ಕಪ್ಪುಕುಳಿಗಳು ಒಂದಕ್ಕೊಂದು ಸುತ್ತುತ್ತಾ ಸೇರಿಕೊಂಡಾಗ ಏಳುವ ಅಲೆಗಳು ಬಹಳ ನಿಧಾನದವು. ಒಂದು ಅಲೆ ಪೂರ್ತಿ ದಾಟಿ ಹೋಗಲು ನಿಮಿಷಗಳು, ಕೆಲವೊಮ್ಮೆ ಗಂಟೆಗಳೇ ಬೇಕು. ಭೂಮಿಯ ಮೇಲೆ ನೆಲದ ಕಂಪನದ ಗದ್ದಲದಲ್ಲಿ ಇವು ಕೇಳಿಸುವುದೇ ಇಲ್ಲ. ಅಷ್ಟು ಹೊತ್ತು ಘನ ನಿಜವಾಗಿಯೂ ತನ್ನ ಪಾಡಿಗೆ ಬೀಳುತ್ತಿರಬೇಕು. ಹಾಗಿಲ್ಲದಿದ್ದರೆ ಅಲುಗಿದ್ದು ಕಪ್ಪುಕುಳಿಯಿಂದಲೋ ನೌಕೆಯ ಯಾವುದೋ ತಂತಿಯಿಂದಲೋ ಗೊತ್ತಾಗುವುದಿಲ್ಲ.

ಇಂಥ ಯಂತ್ರಕ್ಕೆ ಹಲವು ಶತ್ರುಗಳು. ಉಷ್ಣತೆಯ ಏರಿಳಿತ, ಉಳಿದ ಗಾಳಿಯ ಅಣುಗಳು, ಕಾಂತಕ್ಷೇತ್ರ, ನೌಕೆಯದೇ ಗುರುತ್ವ. ಈ ಲೇಖನ ಅವುಗಳಲ್ಲಿ ಒಂದರ ಬಗ್ಗೆ ಮಾತ್ರ: ಘನದ ಮೇಲೆ ಸದ್ದಿಲ್ಲದೆ ಕೂಡುತ್ತಾ ಹೋಗುವ ವಿದ್ಯುತ್ ಚಾರ್ಜ್. ನನಗೆ ಇಡೀ ಯಂತ್ರದಲ್ಲಿ ಅತ್ಯಂತ ಸುಂದರ ಅನ್ನಿಸುವ ಭಾಗ ಇದೇ.

ಚಾರ್ಜ್ ಎಲ್ಲಿಂದ ಬರುತ್ತದೆ?

ಒಣಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚುರ್ ಎನ್ನುತ್ತದಲ್ವಾ, ಅದೂ ಇದೇ ಚಾರ್ಜ್. ಮುಟ್ಟಿದ ಕೂಡಲೇ ಹರಿದು ಹೋಗುತ್ತದೆ. ಮನೆಯ ಫ್ರಿಜ್ಜು, ವಾಷಿಂಗ್ ಮಷೀನಿಗೆ ಎಲೆಕ್ಟ್ರಿಷಿಯನ್ ಅರ್ಥಿಂಗ್ ಕೊಟ್ಟಿರುತ್ತಾನೆ. ಒಂದು ವೈರ್ ಇದ್ದರೆ ಸಾಕು, ಬೇಡದ ಚಾರ್ಜ್ ನೆಲಕ್ಕೆ ಇಳಿದುಬಿಡುತ್ತದೆ. ಆದರೆ ಯಾವುದಕ್ಕೂ ತಾಗದೆ ತೇಲುವ ಘನಕ್ಕೆ ವೈರ್ ಎಲ್ಲಿಂದ ತರುವುದು? ಅದರ ಸುತ್ತ ಮೂರ್ನಾಲ್ಕು ಮಿಲಿಮೀಟರ್ ನಿರ್ವಾತ. ಆಚೆಗೆ ಚಿನ್ನ ಲೇಪಿಸಿದ ಪೆಟ್ಟಿಗೆ. ಬಂದ ಚಾರ್ಜ್ ಹೋಗುವುದಕ್ಕೆ ದಾರಿಯೇ ಇಲ್ಲ.

ಚಾರ್ಜ್ ಬರುವುದಂತೂ ನಿಲ್ಲುವುದಿಲ್ಲ. ಲೀಸಾ ಪಾಥ್‌ಫೈಂಡರ್ ಇದ್ದದ್ದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತ. ನಮ್ಮ ಆದಿತ್ಯ-ಎಲ್1 ಈಗ ಸುತ್ತುತ್ತಿರುವುದೂ ಅದೇ ಬಿಂದುವನ್ನು. ಅಲ್ಲಿ ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಇಲ್ಲ. ಗ್ಯಾಲಕ್ಸಿಯ ಎಲ್ಲ ದಿಕ್ಕಿನಿಂದ ಕಾಸ್ಮಿಕ್ ಕಿರಣಗಳು ಬಂದು ಬಡಿಯುತ್ತಲೇ ಇರುತ್ತವೆ. ಹೆಸರು ಕಿರಣ ಆದರೂ ಇವು ಕಣಗಳು, ಹೆಚ್ಚಿನವು ಪ್ರೋಟಾನ್‌ಗಳು. ಸುಮಾರು 10 ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ಶಕ್ತಿಯನ್ನು ಅಳೆಯುವ ಮಾನ ಇದು) ಜಾಸ್ತಿ ಶಕ್ತಿಯ ಪ್ರೋಟಾನ್ ನೌಕೆಯ ಗೋಡೆ, ಉಪಕರಣ, ಪೆಟ್ಟಿಗೆ ಎಲ್ಲವನ್ನೂ ತೂರಿಕೊಂಡು ಘನದವರೆಗೆ ಬರುತ್ತದೆ. ದಾರಿಯಲ್ಲಿ ಸಿಕ್ಕ ಪರಮಾಣುಗಳನ್ನು ಒಡೆದು ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಪ್ರೋಟಾನ್ ಘನದೊಳಗೇ ನಿಂತರೆ ಅದರ ಪ್ಲಸ್ ಚಾರ್ಜ್ ಅಲ್ಲೇ ಉಳಿಯಿತು. ಘನದಿಂದ ಎಲೆಕ್ಟ್ರಾನ್‌ಗಳನ್ನು ಹೊಡೆದು ಹೊರಗೆ ಹಾರಿಸಿದರೆ ಆಗಲೂ ಘನ ಪ್ಲಸ್ ಕಡೆಗೇ ಹೋಗುತ್ತದೆ. ಪೆಟ್ಟಿಗೆಯ ಗೋಡೆಯಿಂದ ಎದ್ದ ಎಲೆಕ್ಟ್ರಾನ್‌ಗಳು ಘನದ ಮೇಲೆ ಬಂದು ಕೂತರೆ ಸ್ವಲ್ಪ ಮೈನಸ್.

ಕೂಡಿ ಕಳೆದು ಉಳಿದದ್ದನ್ನು ಲೀಸಾ ಪಾಥ್‌ಫೈಂಡರ್ ಅಳೆದಾಗ ಸಿಕ್ಕ ಲೆಕ್ಕ ಇದು: ಒಂದೊಂದು ಘನಕ್ಕೂ ಸೆಕೆಂಡಿಗೆ ಸರಾಸರಿ 23-24 ಎಲೆಕ್ಟ್ರಾನ್‌ಗಳಷ್ಟು ಪ್ಲಸ್ ಚಾರ್ಜ್. ದಿನಕ್ಕೆ ಸುಮಾರು 20 ಲಕ್ಷ. ಕೇಳಲು ದೊಡ್ಡ ಸಂಖ್ಯೆ, ಆದರೆ ಇದರಿಂದ ಘನದ ವೋಲ್ಟೇಜ್ ಏರುವುದು ದಿನಕ್ಕೆ 10 ಮಿಲಿವೋಲ್ಟ್‌ನಷ್ಟು. ಟಾರ್ಚಿನ ಒಂದು ಸೆಲ್ಲಿನಲ್ಲಿ ಇರುವುದು 1,500 ಮಿಲಿವೋಲ್ಟ್.

ಸರಾಸರಿ ಲೆಕ್ಕ ಅರ್ಧ ಕಥೆ ಮಾತ್ರ ಹೇಳುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಒಂದು ಗಂಟೆಯಲ್ಲಿ ಸಾವಿರಾರು ಜನ ಬಂದು ಸಾವಿರಾರು ಜನ ಹೋಗಿ, ಕೊನೆಗೆ ಒಳಗಿರುವವರ ಸಂಖ್ಯೆ 24 ಹೆಚ್ಚಾಗಿದೆ ಅಂದುಕೊಳ್ಳಿ. 24 ಎಂಬ ಸಂಖ್ಯೆ ನೋಡಿದರೆ ಅಲ್ಲಿನ ನೂಕುನುಗ್ಗಲು ಗೊತ್ತಾಗುವುದೇ ಇಲ್ಲ. ಘನದ ವಿಷಯದಲ್ಲೂ ಹೀಗೇ ಆಯಿತು. ಚಾರ್ಜ್‌ನ ಏರಿಳಿತವನ್ನು ಅಳೆದಾಗ, ಅದು ಸೆಕೆಂಡಿಗೆ ಸಾವಿರಕ್ಕೂ ಜಾಸ್ತಿ ಬಿಡಿಬಿಡಿ ಎಲೆಕ್ಟ್ರಾನ್‌ಗಳು ಓಡಾಡಿದಷ್ಟು ಗದ್ದಲ ತೋರಿಸಿತು. ಘನಕ್ಕೂ ಗೋಡೆಗೂ ನಡುವೆ ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳು ಆ ಕಡೆಗೂ ಈ ಕಡೆಗೂ ಹಾರುತ್ತಿರುತ್ತವೆ. ನಿವ್ವಳ ಲೆಕ್ಕದಲ್ಲಿ ಅವು ಅಳಿಸಿಹೋಗುತ್ತವೆ, ಗದ್ದಲದಲ್ಲಿ ಅಳಿಸಿಹೋಗುವುದಿಲ್ಲ.

ಇಷ್ಟು ಚಿಕ್ಕ ಚಾರ್ಜ್ ಏನು ಮಾಡೀತು?

ಘನದ ಸುತ್ತಲಿನ ಪೆಟ್ಟಿಗೆ ಪೂರ್ತಿ ಒಂದೇ ವೋಲ್ಟೇಜಿನಲ್ಲಿ ಇದ್ದಿದ್ದರೆ, ಘನ ಸರಿಯಾಗಿ ನಡುವೆ ನಿಂತಿದ್ದರೆ, ಚಾರ್ಜ್‌ನಿಂದ ಅಷ್ಟೇನೂ ತೊಂದರೆ ಇರಲಿಲ್ಲ. ಎಲ್ಲ ಕಡೆಯ ಎಳೆತವೂ ಸಮ. ಆದರೆ ಯಾವ ಚಿನ್ನದ ಮೇಲ್ಮೈಯೂ ಹಾಗಿರುವುದಿಲ್ಲ. ಹರಳುಗಳು ಜೋಡಿಸಿಕೊಂಡಿರುವ ರೀತಿ, ಅಂಟಿಕೊಂಡ ಕೊಳೆ ಇವುಗಳಿಂದ ಅಲ್ಲಲ್ಲಿ ಕೆಲವು ಮಿಲಿವೋಲ್ಟ್‌ನಿಂದ ಹತ್ತಾರು ಮಿಲಿವೋಲ್ಟ್‌ವರೆಗೆ ವ್ಯತ್ಯಾಸ ಇರುತ್ತದೆ. ಎಡಗಡೆಯ ಗೋಡೆ ಬಲಗಡೆಗಿಂತ ಸ್ವಲ್ಪ ಬೇರೆ ವೋಲ್ಟೇಜಿನಲ್ಲಿದ್ದರೆ ಚಾರ್ಜ್ ಇರುವ ಘನ ಒಂದು ಕಡೆಗೆ ಎಳೆಯಲ್ಪಡುತ್ತದೆ. ಬಲ ಎಷ್ಟು ಎಂದು ತೀರ್ಮಾನಿಸುವುದು ಈ ಎರಡರ ಗುಣಲಬ್ಧ: ಘನದ ಚಾರ್ಜ್ ಮತ್ತು ಗೋಡೆಗಳ ವೋಲ್ಟೇಜ್ ವ್ಯತ್ಯಾಸ.

ಗುಣಲಬ್ಧ ಎಂಬುದನ್ನು ಇಲ್ಲಿ ಗಮನಿಸಬೇಕು. ಬಲ ಸ್ಥಿರವಾಗಿದ್ದರೆ ಅದನ್ನು ಲೆಕ್ಕದಲ್ಲಿ ಕಳೆದುಬಿಡಬಹುದು. ಆದರೆ ಚಾರ್ಜ್ ಕಾಸ್ಮಿಕ್ ಕಿರಣಗಳಿಂದ ತೂಗಾಡುತ್ತದೆ, ಗೋಡೆಯ ವೋಲ್ಟೇಜ್ ಕೂಡ ನಿಧಾನವಾಗಿ ತೂಗಾಡುತ್ತದೆ. ಗೋಡೆಯ ವ್ಯತ್ಯಾಸ ದೊಡ್ಡದಿದ್ದರೆ ಚಾರ್ಜ್‌ನ ತೂಗಾಟ ಬಲವಾಗಿ ಕಾಣಿಸುತ್ತದೆ. ಚಾರ್ಜ್ ದೊಡ್ಡದಿದ್ದರೆ ಗೋಡೆಯ ತೂಗಾಟ ಬಲವಾಗಿ ಕಾಣಿಸುತ್ತದೆ. ಹಾಗಾಗಿ ಎರಡನ್ನೂ ಸೊನ್ನೆಯ ಹತ್ತಿರ ಇಡಬೇಕು. ಒಂದನ್ನು ಸರಿಮಾಡಿ ಇನ್ನೊಂದನ್ನು ಬಿಟ್ಟರೆ ನಡೆಯುವುದಿಲ್ಲ.

ಗೋಡೆಯ ವ್ಯತ್ಯಾಸಕ್ಕೆ ಪರಿಹಾರ ಸುಲಭ. ಪೆಟ್ಟಿಗೆಯ ಒಳಮೈಯಲ್ಲಿ ಘನದ ಜಾಗವನ್ನು ಅಳೆಯುವುದಕ್ಕೆ, ಅದನ್ನು ತುಸು ಸರಿಸುವುದಕ್ಕೆ ಅಂತ ಎಲೆಕ್ಟ್ರೋಡ್‌ಗಳು ಹೇಗೂ ಇವೆ. ಅವುಗಳಿಗೆ ಕೆಲವು ಮಿಲಿವೋಲ್ಟ್ ಕೊಟ್ಟು ವ್ಯತ್ಯಾಸವನ್ನು ಸರಿದೂಗಿಸಬಹುದು. ಇದನ್ನೂ ಚಾರ್ಜ್ ನಿಯಂತ್ರಣವನ್ನೂ ಸೇರಿಸಿ ಬಳಸಿದಾಗ, ಚಾರ್ಜ್‌ನಿಂದ ಒಂದು ಘನಕ್ಕೆ ಬರುವ ವೇಗೋತ್ಕರ್ಷದ ಗದ್ದಲ ಹತ್ತಿರ ಹತ್ತಿರ 1 ಫೆಮ್ಟೋಮೀಟರ್ ಪ್ರತಿ ಸೆಕೆಂಡ್ ವರ್ಗದ ಮಟ್ಟಕ್ಕೆ ಇಳಿಯಿತು. ಫೆಮ್ಟೋಮೀಟರ್ ಅಂದರೆ ಒಂದು ಮೀಟರಿನ ಕೋಟಿಯಲ್ಲೊಂದು ಭಾಗವನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದ್ದರಲ್ಲಿ ಒಂದು. ಸುಮಾರು 2 ಕೆಜಿಯ ಘನಕ್ಕೆ ಅಷ್ಟು ವೇಗೋತ್ಕರ್ಷ ಕೊಡುವ ಬಲ, ನಮ್ಮ ಕರುಳಿನಲ್ಲಿರುವ ಒಂದೇ ಒಂದು ಬ್ಯಾಕ್ಟೀರಿಯಾದ ಭೂಮಿಯ ಮೇಲಿನ ತೂಕಕ್ಕಿಂತಲೂ ಕಡಿಮೆ.

ಬೆಳಕಿನ ಸೇತುವೆ

ಈಗ ಮುಖ್ಯ ಪ್ರಶ್ನೆ. ಮುಟ್ಟದೆ ಚಾರ್ಜ್ ತೆಗೆಯುವುದು ಹೇಗೆ?

ಮುಟ್ಟಿಯೇ ತೆಗೆದವರೂ ಇದ್ದಾರೆ. ಭೂಮಿಯ ಗುರುತ್ವದ ನಕ್ಷೆ ತೆಗೆದ ಗೋಚೆ ಉಪಗ್ರಹ, 2016ರ ಏಪ್ರಿಲ್‌ನಲ್ಲಿ ಹಾರಿದ ಫ್ರಾನ್ಸಿನ ಮೈಕ್ರೋಸ್ಕೋಪ್ ಉಪಗ್ರಹ, ಎರಡರಲ್ಲೂ ತೇಲುವ ದ್ರವ್ಯರಾಶಿಗೆ ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಕಟ್ಟಿದ್ದರು. ಮೈಕ್ರೋಸ್ಕೋಪ್‌ನಲ್ಲಿದ್ದ ತಂತಿಯ ದಪ್ಪ 7 ಮೈಕ್ರಾನ್. ಚಾರ್ಜ್ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಅಷ್ಟು ತೆಳುವಾದ ತಂತಿಯೂ ಬಾಗುವಾಗ ಶಕ್ತಿಯನ್ನು ಸ್ವಲ್ಪ ಹೀರುತ್ತದೆ, ಅದರಿಂದ ಉಷ್ಣದ ಗದ್ದಲ ಹುಟ್ಟುತ್ತದೆ. ಮೈಕ್ರೋಸ್ಕೋಪ್‌ನ ಅಳತೆಯ ನಿಖರತೆಗೆ ಮಿತಿ ಹಾಕಿದ ಮುಖ್ಯ ಕಾರಣ ಆ ತಂತಿಯೇ. ಅವರ ಕೆಲಸಕ್ಕೆ ಅದು ಸಾಕಾಗಿತ್ತು. ಲೀಸಾಗೆ ಸಾಕಾಗುವುದಿಲ್ಲ.

ಉಳಿದದ್ದು ಬೆಳಕು. ಪಿಯುಸಿಯಲ್ಲಿ ಓದಿದ ದ್ಯುತಿವಿದ್ಯುತ್ ಪರಿಣಾಮ ನೆನಪಿದೆಯಾ? ಲೋಹದ ಮೇಲೆ ಸಾಕಷ್ಟು ಶಕ್ತಿಯ ಬೆಳಕು ಬಿದ್ದರೆ ಎಲೆಕ್ಟ್ರಾನ್ ಹೊರಗೆ ಜಿಗಿಯುತ್ತದೆ. 1905ರಲ್ಲಿ ಐನ್‌ಸ್ಟೈನ್ ವಿವರಿಸಿದ್ದು, ಅವರಿಗೆ ನೊಬೆಲ್ ಬಂದದ್ದೂ ಮುಖ್ಯವಾಗಿ ಇದಕ್ಕೇ. ಗುರುತ್ವ ಅಲೆಗಳು ಇರಬೇಕು ಎಂದು ಲೆಕ್ಕ ಹಾಕಿದವರೂ ಅವರೇ. ಅವರ ಒಂದು ಸಿದ್ಧಾಂತವನ್ನು ಅಳೆಯುವ ಯಂತ್ರ ನಡೆಯಲು ಅವರದೇ ಇನ್ನೊಂದು ಸಿದ್ಧಾಂತ ಬೇಕಾಯಿತು ಎಂಬುದು ನನಗೆ ತುಂಬ ಖುಷಿ ಕೊಡುವ ಸಂಗತಿ.

ಲೀಸಾ ಪಾಥ್‌ಫೈಂಡರ್‌ಗೆ ಈ ವ್ಯವಸ್ಥೆಯನ್ನು ಮಾಡಿಕೊಟ್ಟದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜ್. ಪಾದರಸದ ಆವಿಯ ಸಣ್ಣ ದೀಪಗಳು 254 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕು ಕೊಡುತ್ತಿದ್ದವು. ಆಪ್ಟಿಕಲ್ ಫೈಬರ್ ಮೂಲಕ ಆ ಬೆಳಕು ಪೆಟ್ಟಿಗೆಯೊಳಗೆ ಬರುತ್ತಿತ್ತು. ಕೆಲವು ಫೈಬರ್‌ಗಳ ಮುಖ ಘನದ ಕಡೆಗೆ, ಕೆಲವದ್ದು ಗೋಡೆಯ ಕಡೆಗೆ. ಘನದ ಮೇಲೆ ಬೆಳಕು ಬಿಟ್ಟರೆ ಅಲ್ಲಿಂದ ಎಲೆಕ್ಟ್ರಾನ್ ಹೊರಟು ಗೋಡೆ ಸೇರುತ್ತದೆ, ಘನ ಪ್ಲಸ್ ಆಗುತ್ತದೆ. ಗೋಡೆಯ ಮೇಲೆ ಬಿಟ್ಟರೆ ಅಲ್ಲಿಂದ ಎಲೆಕ್ಟ್ರಾನ್ ಬಂದು ಘನ ಸೇರುತ್ತದೆ, ಘನ ಮೈನಸ್ ಆಗುತ್ತದೆ. ಹೀಗೆ ಚಾರ್ಜ್‌ ಅನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದು.

ಹೇಳುವಷ್ಟು ಸಲೀಸಲ್ಲ. ಅತಿನೇರಳೆ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಚಿನ್ನ ವಾಪಸು ಪ್ರತಿಫಲಿಸುತ್ತದೆ. ಗೋಡೆಗೆ ಅಂತ ಬಿಟ್ಟ ಬೆಳಕು ಘನಕ್ಕೂ ತಾಗುತ್ತದೆ, ಅಲ್ಲಿಂದ ಮತ್ತೆ ಗೋಡೆಗೆ. ಎರಡೂ ದಿಕ್ಕಿನಲ್ಲಿ ಎಲೆಕ್ಟ್ರಾನ್ ಹರಿಯುತ್ತದೆ, ನಮಗೆ ದಕ್ಕುವುದು ಅವುಗಳ ವ್ಯತ್ಯಾಸ ಮಾತ್ರ.

ಅದಕ್ಕಿಂತ ವಿಚಿತ್ರವಾದದ್ದು ಚಿನ್ನದ್ದೇ ಗುಣ. ಅಪ್ಪಟ ಸ್ವಚ್ಛ ಚಿನ್ನದಿಂದ ಎಲೆಕ್ಟ್ರಾನ್ ಕೀಳಲು 5 ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ ಶಕ್ತಿ ಬೇಕು. ಪಾದರಸದ ದೀಪದ ಬೆಳಕಿನ ಒಂದು ಕಣದಲ್ಲಿರುವುದು 4.9. ಅಂದರೆ ಲೆಕ್ಕದ ಪ್ರಕಾರ ಈ ಉಪಾಯ ಕೆಲಸವೇ ಮಾಡಬಾರದು! ಮಾಡುವುದು ಯಾಕೆ ಅಂದರೆ, ಗಾಳಿಗೆ ಒಡ್ಡಿದ ಚಿನ್ನದ ಮೇಲೆ ನೀರಿನ ಅಣುಗಳು, ಇಂಗಾಲದ ಸಂಯುಕ್ತಗಳು ತೆಳುವಾಗಿ ಅಂಟಿಕೊಳ್ಳುತ್ತವೆ. ಈ ಪದರ ಎಲೆಕ್ಟ್ರಾನ್ ಹೊರಬರುವ ಹೊಸಿಲನ್ನು ತಗ್ಗಿಸಿಬಿಡುತ್ತದೆ. ಇಷ್ಟು ಶುಚಿಯಾಗಿ ಕಟ್ಟಿದ ಯಂತ್ರದ ಒಂದು ಮುಖ್ಯ ಅಂಗ ನಡೆಯುವುದು ಕಣ್ಣಿಗೆ ಕಾಣದ ಕೊಳೆಯ ಬಲದಿಂದ.

ಆ ಕೊಳೆ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ ಎಂಬುದೇ ಎಂಜಿನಿಯರ್‌ಗಳ ತಲೆನೋವು. ಒಂದು ಮೇಲ್ಮೈ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಟ್ಟರೆ ಇನ್ನೊಂದು ಜಿಪುಣತನ ಮಾಡುತ್ತದೆ. ಬಿಸಿ ಮಾಡಿ ಒಣಗಿಸಿದರೆ ಒಂದು ನಡವಳಿಕೆ, ಮತ್ತೆ ಗಾಳಿಗಿಟ್ಟರೆ ಇನ್ನೊಂದು. ಘನದ ಮೇಲ್ಮೈ ಗೋಡೆಗಿಂತ ತುಂಬ ಉದಾರವಾಗಿದ್ದರೆ, ಗೋಡೆಗೆ ಬೆಳಕು ಬಿಟ್ಟಾಗಲೂ ಪ್ರತಿಫಲಿಸಿದ ಪಾಲಿನಿಂದಲೇ ಘನದಿಂದ ಜಾಸ್ತಿ ಎಲೆಕ್ಟ್ರಾನ್ ಹೊರಡಬಹುದು. ಆಗ ಘನವನ್ನು ಮೈನಸ್ ಕಡೆಗೆ ತರಲು ದಾರಿಯೇ ಇರುವುದಿಲ್ಲ. ಬಾಹ್ಯಾಕಾಶದಲ್ಲಿ ಘನ ತಾನಾಗಿಯೇ ಹೋಗುವುದು ಪ್ಲಸ್ ಕಡೆಗೆ. ಹಾಗಾಗಿ ಇದು ಸಣ್ಣ ಅಪಾಯವಲ್ಲ. ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದಲ್ಲಿ ತೆಳು ನಾರಿಗೆ ಟೊಳ್ಳಾದ ಘನ ತೂಗುಹಾಕಿ, ಇಂಥ ಬಲಗಳನ್ನೂ ಬೆಳಕಿನಿಂದ ಚಾರ್ಜ್ ಇಳಿಸುವುದನ್ನೂ ವರ್ಷಗಟ್ಟಲೆ ಪರೀಕ್ಷಿಸಿದರು. ಹಾರಿದ ಮೇಲೆ ಎರಡೂ ಘನಗಳನ್ನು ಎರಡೂ ದಿಕ್ಕಿಗೆ ತಿರುಗಿಸಲು ಸಾಧ್ಯವಾಯಿತು.

ಅಳೆಯುವುದು, ಇಳಿಸುವುದು, ಕಾಯುವುದು

ಚಾರ್ಜ್ ಎಷ್ಟಿದೆ ಎಂದು ಗೊತ್ತಾಗದೆ ಇಳಿಸುವುದು ಹೇಗೆ? ಮೀಟರ್ ತಾಗಿಸುವಂತಿಲ್ಲ. ಅದಕ್ಕೆ ಘನದ ಎರಡು ಪಕ್ಕದ ಎಲೆಕ್ಟ್ರೋಡ್‌ಗಳಿಗೆ ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಡುತ್ತಾರೆ. ಘನದಲ್ಲಿ ಚಾರ್ಜ್ ಇದ್ದರೆ ಅದೇ ತಾಳಕ್ಕೆ ಘನ ತುಸು ಅಲುಗುತ್ತದೆ, ಇಲ್ಲವೇ ತಿರುಗುತ್ತದೆ. ಚಾರ್ಜ್ ದುಪ್ಪಟ್ಟಾದರೆ ಅಲುಗಾಟವೂ ದುಪ್ಪಟ್ಟು. ಪ್ಲಸ್ ಹೋಗಿ ಮೈನಸ್ ಆದರೆ ಅಲುಗಾಟದ ದಿಕ್ಕು ತಿರುವುಮುರುವು.

ಇಳಿಸುವುದರಲ್ಲಿ ಎರಡು ವಿಧ ಇತ್ತು. ಮೊದಲನೆಯದು ಎರಡು-ಮೂರು ವಾರಕ್ಕೊಮ್ಮೆ ಜೋರಾಗಿ ಬೆಳಕು ಬಿಟ್ಟು ಒಮ್ಮೆಲೇ ಇಳಿಸುವುದು. ಆ ಹೊತ್ತಿನಲ್ಲಿ ವಿಜ್ಞಾನದ ಅಳತೆ ನಿಲ್ಲುತ್ತದೆ. ಇದರಲ್ಲಿ ಒಂದು ಜಾಣತನವಿದೆ. ಘನವನ್ನು ಸರಿಯಾಗಿ ಸೊನ್ನೆಗೆ ತಂದು ನಿಲ್ಲಿಸುವ ಬದಲು ಮೈನಸ್ ಕಡೆಗೆ ಒಂದಷ್ಟು ತಳ್ಳಿ ಬಿಡುವುದು. ಆಮೇಲೆ ಕಾಸ್ಮಿಕ್ ಕಿರಣಗಳು ದಿನಾ 10 ಮಿಲಿವೋಲ್ಟ್‌ನಂತೆ ಮೇಲೆತ್ತುತ್ತವೆ. ಅದು ಸೊನ್ನೆ ದಾಟಿ ಪ್ಲಸ್ ಕಡೆಗೆ ಅಷ್ಟೇ ದೂರ ಹೋಗುವವರೆಗೂ ಸಮಯವಿದೆ. ಮೈನಸ್ 80ರಿಂದ ಪ್ಲಸ್ 80 ಮಿಲಿವೋಲ್ಟ್‌ಗೆ ಹೋಗಲು ಹದಿನಾರು ದಿನ. ಸೊನ್ನೆಯಿಂದಲೇ ಶುರುಮಾಡಿದರೆ ಎಂಟೇ ದಿನ.

ಎರಡನೆಯದು ಬಹಳ ಮಂದವಾದ ಬೆಳಕನ್ನು ಸದಾ ಬಿಟ್ಟುಕೊಂಡಿರುವುದು. ಕಾಸ್ಮಿಕ್ ಕಿರಣ ತಂದಷ್ಟನ್ನು ಬೆಳಕು ಕೂಡಲೇ ಅಳಿಸುತ್ತದೆ, ಅಳತೆ ನಿಲ್ಲಿಸಬೇಕಾಗಿಲ್ಲ. ಲೀಸಾ ಪಾಥ್‌ಫೈಂಡರ್ ಇದನ್ನೂ ಮಾಡಿ ತೋರಿಸಿತು. ಆದರೆ ಇದಕ್ಕೂ ಬೆಲೆ ಇದೆ. ಬೆಳಕು ಎಬ್ಬಿಸುವ ಎಲೆಕ್ಟ್ರಾನ್‌ಗಳೂ ಒಂದೊಂದಾಗಿ, ಲೆಕ್ಕವಿಲ್ಲದ ಹೊತ್ತಿನಲ್ಲಿ ಹಾರುತ್ತವೆ. ಮೆಲ್ಲಗೆ ಒಂದಷ್ಟು ಗದ್ದಲ ಅವುಗಳಿಂದಲೂ ಸೇರುತ್ತದೆ.

ಇದಕ್ಕೆ ಮೊದಲೇ ಬೆಳಕಿನಿಂದ ಚಾರ್ಜ್ ಇಳಿಸಿದ ನೌಕೆಯೊಂದಿದೆ. ಅದನ್ನು ಹೇಳದೆ ಬಿಡುವುದು ಅನ್ಯಾಯ. 2004ರ ಏಪ್ರಿಲ್ 20ರಂದು ಹಾರಿದ ಅಮೆರಿಕದ ಗ್ರಾವಿಟಿ ಪ್ರೋಬ್ ಬಿ. ಭೂಮಿ ತಿರುಗುವಾಗ ಸುತ್ತಲಿನ ದೇಶಕಾಲವನ್ನು ತನ್ನೊಂದಿಗೆ ತುಸು ಎಳೆದುಕೊಂಡು ಹೋಗುತ್ತದೆಯೇ ಎಂದು ಅಳೆಯಲು ಅದರಲ್ಲಿ ನಾಲ್ಕು ಗೈರೋಸ್ಕೋಪ್‌ಗಳಿದ್ದವು, ಅಂದರೆ ತಿರುಗುತ್ತಾ ದಿಕ್ಕು ಹಿಡಿದಿಟ್ಟುಕೊಳ್ಳುವ ಸಾಧನಗಳು. ನಯೋಬಿಯಂ ಲೇಪಿಸಿದ ಕ್ವಾರ್ಟ್ಜ್ ಗೋಲಿಗಳು, ವ್ಯಾಸ 38 ಮಿಲಿಮೀಟರ್, ಮನುಷ್ಯ ಮಾಡಿದ ಅತ್ಯಂತ ದುಂಡಗಿನ ವಸ್ತುಗಳಲ್ಲಿ ಅವೂ ಸೇರಿವೆ. ಅವುಗಳ ಚಾರ್ಜ್ ಅನ್ನು ಅತಿನೇರಳೆ ಬೆಳಕು ಚೆನ್ನಾಗಿಯೇ ನಿಭಾಯಿಸಿತು. ಕಾಟ ಕೊಟ್ಟದ್ದು ಮೇಲ್ಮೈಯ ಮೇಲಿನ ವೋಲ್ಟೇಜ್ ಕಲೆಗಳು, ನಾನು ಮೇಲೆ ಗೋಡೆಯ ವಿಷಯದಲ್ಲಿ ಹೇಳಿದಂಥವು. ಗೋಲಿಯಲ್ಲೂ ಇದ್ದವು, ಅದರ ಸುತ್ತಲಿನ ಗೂಡಿನಲ್ಲೂ ಇದ್ದವು. ಬೆಳಕು ಒಟ್ಟು ಚಾರ್ಜ್ ಅನ್ನು ಬದಲಿಸಬಲ್ಲದು, ಕಲೆಗಳನ್ನು ಅಳಿಸಲಾರದು, ಯಾಕೆಂದರೆ ಅವು ಲೋಹದ ಮೇಲ್ಮೈಯ ಸ್ವಭಾವ. ಆ ಕಲೆಗಳ ಪರಿಣಾಮವನ್ನು ಲೆಕ್ಕದಲ್ಲಿ ಬೇರ್ಪಡಿಸುವ ಹೊತ್ತಿಗೆ ವರ್ಷಗಳೇ ಕಳೆದವು. ಅಳತೆ 2005ರಲ್ಲಿ ಮುಗಿದರೂ ಅಂತಿಮ ಫಲಿತಾಂಶ ಬಂದದ್ದು 2011ರಲ್ಲಿ.

ಮುಂದೇನು?

ಲೀಸಾ ಪಾಥ್‌ಫೈಂಡರ್ 2017ರಲ್ಲಿ ಕೆಲಸ ಮುಗಿಸಿತು. ಲೀಸಾ ಯೋಜನೆಗೆ ಇಎಸ್‌ಎ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ, 2035ಕ್ಕೆ ಹಾರಿಸುವ ಗುರಿ. ಮೂರು ನೌಕೆ, ಒಂದೊಂದರಲ್ಲಿ ಎರಡು, ಒಟ್ಟು ಆರು ಘನಗಳು. ಪಾದರಸದ ದೀಪಗಳ ಜಾಗಕ್ಕೆ ಈ ಸಲ ಅತಿನೇರಳೆ ಎಲ್‌ಇಡಿಗಳು ಬರುತ್ತವೆ. ನಾಸಾದ ಪಾಲಿನ ಈ ಕೆಲಸ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದೆ. ಎಲ್‌ಇಡಿ ಬಾಹ್ಯಾಕಾಶದಲ್ಲಿ ಬಾಳುತ್ತದೆ, ಅದರಿಂದ ಚಾರ್ಜ್ ನಿಯಂತ್ರಿಸಬಹುದು ಎಂಬುದನ್ನು 2014ರಲ್ಲಿ ಹಾರಿದ ಸೌದಿಸ್ಯಾಟ್-4 ಉಪಗ್ರಹದಲ್ಲಿ ಆಗಲೇ ಪರೀಕ್ಷಿಸಿದ್ದಾರೆ.

ಎಲ್‌ಇಡಿ ಹಗುರ, ವಿದ್ಯುತ್ ಕಡಿಮೆ ಸಾಕು, ಅವೆಲ್ಲ ಸರಿ. ನಿಜವಾದ ಲಾಭ ಬೇರೆ. ಘನ ಎಲ್ಲಿದೆ ಎಂದು ಅಳೆಯಲು ಪೆಟ್ಟಿಗೆಯೊಳಗೆ ಸೆಕೆಂಡಿಗೆ 1 ಲಕ್ಷ ಸಲ ಏರಿಳಿಯುವ ವೋಲ್ಟೇಜ್ ಸದಾ ಇರುತ್ತದೆ. ಆ ಏರಿಳಿತದ ಅರ್ಧ ಭಾಗದಲ್ಲಿ ಎಲೆಕ್ಟ್ರಾನ್‌ಗೆ ಘನದ ಕಡೆ ಹೋಗುವುದು ಸುಲಭ, ಇನ್ನರ್ಧದಲ್ಲಿ ಗೋಡೆಯ ಕಡೆ ಹೋಗುವುದು ಸುಲಭ. ಪಾದರಸದ ದೀಪವನ್ನು ಅಷ್ಟು ಬೇಗ ಆನ್-ಆಫ್ ಮಾಡಲು ಆಗುವುದಿಲ್ಲ. ಎಲ್‌ಇಡಿಗೆ ಅದು ಸಲೀಸು. ನಮಗೆ ಬೇಕಾದ ಅರ್ಧದಲ್ಲಿ ಮಾತ್ರ ಬೆಳಗಿಸಿ ಉಳಿದ ಅರ್ಧದಲ್ಲಿ ಆರಿಸಿದರೆ, ಬೆಳಕು ಎಲ್ಲಿ ಬಿದ್ದು ಎಲ್ಲಿಗೆ ಪ್ರತಿಫಲಿಸಿದರೂ ಎಲೆಕ್ಟ್ರಾನ್ ಹೋಗುವುದು ಹೆಚ್ಚಾಗಿ ಒಂದೇ ದಿಕ್ಕಿಗೆ. ಯಾವ ಮೇಲ್ಮೈ ಉದಾರಿ, ಯಾವುದು ಜಿಪುಣ ಎಂಬ ಚಿಂತೆ ಬಹಳಷ್ಟು ಕಡಿಮೆಯಾಗುತ್ತದೆ. ಬೆಳಗುವ ಕ್ಷಣವನ್ನು ತುಸು ಹಿಂದೆ ಮುಂದೆ ಮಾಡಿದರೆ ಸಾಕು, ಅದೇ ಎಲ್‌ಇಡಿ ಘನವನ್ನು ಪ್ಲಸ್ ಕಡೆಗೂ ಒಯ್ಯಬಲ್ಲದು, ಮೈನಸ್ ಕಡೆಗೂ ಒಯ್ಯಬಲ್ಲದು.